ಅಟ್ಟದ ಭರಣಿ, ಹಿತ್ತಲಿನ ಹಕ್ಕಿ: ಹಳೆಯ ಮಣ್ಣಿನ ಪಾತ್ರೆಗಳನ್ನು ಕೂಡಿಸಿ, ಜೋಪಾನ ಮಾಡಿ, ಮನೆಯ ಸುತ್ತಲಿನ ಜೀವಿಗಳಿಗೂ ಒದಗಿಸುವ ಬಗೆ

ಕಾಸರಗೋಡಿನ ಕಡೆ ಹಳೆಯ ಹೆಂಚಿನ ಮನೆ ಕೆಡವುವಾಗ ಮೊದಲು ಬೆಲೆ ಕಟ್ಟುವುದು ಹಲಸಿನ ಮರದ ಕಂಬಗಳಿಗೆ, ಆಮೇಲೆ ದಾರಂದಕ್ಕೆ, ಆಮೇಲೆ ತಾಮ್ರ ಹಿತ್ತಾಳೆಗೆ. ಅಟ್ಟದಲ್ಲಿ ಸಾಲಾಗಿ ಕುಳಿತ ಉಪ್ಪಿನಕಾಯಿ ಭರಣಿಗಳನ್ನು ಕೇಳುವವರು ಕಡೆಗೆ ಬರುತ್ತಾರೆ, ಎಷ್ಟೋ ಸಲ ಬರುವುದೇ ಇಲ್ಲ. ಆದ್ದರಿಂದಲೇ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆಯ ಸುತ್ತಮುತ್ತ ಒಳ್ಳೆಯ ಭರಣಿ, ಅಳಗೆ (ಮಣ್ಣಿನ ಗಡಿಗೆ), ಹಳೆಯ ಪಿಂಗಾಣಿ ಬಟ್ಟಲು ಇನ್ನೂ ಸಾಧಾರಣ ಮನೆಯವರ ಕೈಗೆಟುಕುವಂತೆ ಉಳಿದಿವೆ. ಅವನ್ನು ತಂದು ಗಾಜಿನ ಕಪಾಟಿನಲ್ಲಿ ಬಂಧಿಸಿಡುವುದು ನನಗೆ ಒಗ್ಗದ ಮಾತು. ಪಾತ್ರೆ ಎಂದ ಮೇಲೆ ಅದು ಏನಾದರೂ ಕೆಲಸ ಮಾಡುತ್ತಿರಬೇಕು. ಅಪರೂಪದ್ದು ಚಾವಡಿಯಲ್ಲಿ ಕಣ್ಣಿಗೆ ಬೀಳುವಂತಿರಲಿ, ಗಟ್ಟಿಯಾದದ್ದು ಅಡುಗೆಮನೆಯಲ್ಲಿ ದುಡಿಯಲಿ, ಬಾಯಿ ಒಡೆದದ್ದು, ಬಿರುಕು ಬಿಟ್ಟದ್ದು ಹಿತ್ತಲಿಗೆ ಹೋಗಿ ಹಕ್ಕಿ, ಕಪ್ಪೆ, ಜೇನುಗಳಿಗೆ ಆಗಲಿ. ಈ ಮೂರು ಪಾಲು ಮಾಡುವುದನ್ನು ಕಲಿತರೆ ಉಳಿದದ್ದೆಲ್ಲ ಸಲೀಸು.

ಮೊದಲ ಹೆಜ್ಜೆ: ಎಲ್ಲಿ ಹುಡುಕಬೇಕು

ಸ್ವಂತ ಮನೆಯ ಅಟ್ಟ, ಉಗ್ರಾಣ, ಕೊಟ್ಟಿಗೆಯ ಮೂಲೆಯಿಂದ ಶುರು ಮಾಡಿ. ಆಮೇಲೆ ನೆಂಟರ ಮನೆ. ಮೂರನೆಯದು ಗುಜರಿ ಅಂಗಡಿ ಮತ್ತು ಹಳೆಯ ಮನೆಯ ಮರಮಟ್ಟು ಮಾರುವವರು. ಮರದ ವ್ಯಾಪಾರಿಗೆ ಭರಣಿ ಹೊರೆ, ಹಾಗಾಗಿ ಚೌಕಾಸಿಗೆ ಅಲ್ಲಿ ಎಡೆಯಿದೆ. ಇದೇ ಮಾಲು ಕೊಚ್ಚಿಯ ಮಟ್ಟಾಂಚೇರಿಯ ಹಳೆಯ ಸಾಮಾನಿನ ಅಂಗಡಿಗಳನ್ನು ಸೇರಿದ ಮೇಲೆ ಬೆಲೆ ಕೇಳಿದರೆ ಬೆವರಬೇಕು.

ಹೊಸ ಮಣ್ಣಿನ ಪಾತ್ರೆ ಬೇಕಾದರೆ ಮಡಿಕೈ ಪಂಚಾಯಿತಿಯ ಎರಿಕುಳಂ ಇದೆ, ನೀಲೇಶ್ವರದ ಕಡೆಯ ಕುಂಬಾರರ ಊರು. ಉತ್ತರ ಭಾಗದ ಕುಲಾಲ ಕುಟುಂಬಗಳಲ್ಲಿಯೂ ತಿಗರಿ ಬಿಡದವರು ಅಲ್ಲಲ್ಲಿ ಇದ್ದಾರೆ. ಹಿತ್ತಲಿನ ಕೆಲವು ಕೆಲಸಗಳಿಗೆ ಹಳೆಯದಕ್ಕಿಂತ ಹೊಸ ಅಳಗೆಯೇ ಒಳ್ಳೆಯದು. ಅದನ್ನು ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ ಇಲ್ಲೇ ಇರಲಿ. ಮುರಕಲ್ಲು (ಜಂಬಿಟ್ಟಿಗೆ) ಕಡಿಯುವಾಗ, ಅಡಿಪಾಯ ತೋಡುವಾಗ ನೆಲದೊಳಗೆ ದೊಡ್ಡ ಮಣ್ಣಿನ ಗುಡಾಣ ಸಿಕ್ಕಿದರೆ ಅದು ಬೃಹತ್ ಶಿಲಾ ಸಂಸ್ಕೃತಿಯ ಶವಕುಂಭ ಆಗಿರಬಹುದು. ಮಲಯಾಳದಲ್ಲಿ ಅದಕ್ಕೆ ನನ್ನಂಗಾಡಿ ಎನ್ನುತ್ತಾರೆ. ಕೆಲಸ ನಿಲ್ಲಿಸಿ ಕಂದಾಯ ಇಲಾಖೆಗೆ ತಿಳಿಸಬೇಕು. ಒಳಗೆ ಕೈಹಾಕಬಾರದು, ಮನೆಗೆ ತರಬಾರದು. ಹಾಗೆಯೇ, 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು ಪುರಾತನ ವಸ್ತುಗಳ ಸಾಲಿಗೆ ಸೇರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ದುಬೈಯಲ್ಲಿರುವ ಮಗನ ಮನೆಗೆ ಅಜ್ಜಿಯ ಕಾಲದ ಚೀನಾ ಭರಣಿ ಕಳುಹಿಸುವ ಆಸೆಯಿದ್ದರೆ ಇದು ನೆನಪಿರಲಿ.

ಎರಡನೆಯ ಹೆಜ್ಜೆ: ಕೈಯಲ್ಲಿರುವುದು ಏನು ಎಂದು ಗುರುತಿಸುವುದು

ಇಲ್ಲಿ ಆತುರ ಬೇಡ. ಪಾತ್ರೆಯನ್ನು ಹಗಲು ಬೆಳಕಿಗೆ ತಂದು, ದಪ್ಪ ಗೋಣಿಯ ಮೇಲೆ ಕೂರಿಸಿ, ಬುಡದಿಂದ ಪರೀಕ್ಷೆ ಶುರು ಮಾಡಿ. ಹೊಳಪು ಮೋಸ ಮಾಡಬಹುದು, ಬುಡ ಮಾಡುವುದು ಕಡಿಮೆ.

ಮಗುಚಿ ಹಾಕಿ. ಗಾಜುಲೇಪ ಇಲ್ಲದ ಒರಟು ವೃತ್ತ ಅಲ್ಲಿರುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಕಣ್ಣೆದುರೇ ಇಂಗಿದರೆ ಕಡಿಮೆ ಶಾಖದಲ್ಲಿ ಬೆಂದ ಮಣ್ಣು. ಹಾಗೆಯೇ ನಿಂತರೆ 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಂದು ಕಲ್ಲಿನಂತಾದ ಜಾಡಿ, ಅಥವಾ ಪಿಂಗಾಣಿ. ಇವೆರಡನ್ನು ಬೇರೆ ಮಾಡಲು ಟಾರ್ಚ್ ಸಾಕು: ಒಳಗಿನಿಂದ ಬೆಳಕು ಹಾಯಿಸಿದಾಗ ತೆಳುವಾದ ಪಿಂಗಾಣಿಯ ಗೋಡೆಯ ಮೂಲಕ ಮಂದ ಬೆಳಕು ಹೊರಗೆ ಕಾಣುತ್ತದೆ, ಕಲ್ಲುಜಾಡಿಯಲ್ಲಿ ಏನೂ ಕಾಣದು.

ಮುಂದೆ ಮೈ. ಕೆಲವು ಹಳೆಯ ಕಂದು ಜಾಡಿಗಳ ಮೇಲೆ ಬೆರಳಾಡಿಸಿದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಗಳು ಸಿಗುತ್ತವೆ. ಗೂಡು ಉರಿಯುತ್ತಿರುವಾಗ ಒಳಗೆ ಉಪ್ಪು ಎಸೆದು, ಅದರ ಆವಿಯಲ್ಲಿರುವ ಸೋಡಿಯಂ ಜೇಡಿಯ ಸಿಲಿಕಾದೊಂದಿಗೆ ಬೆರೆತು ಗಾಜಾಗುವಂತೆ ಮಾಡಿದ ಲೇಪ ಅದು. ಮೇಲೆ ಕಂದು, ಕೆಳಗೆ ಕೆನೆಬಣ್ಣ ಇರುವ, ನಮ್ಮ ಬಹುಪಾಲು ಮನೆಗಳಲ್ಲಿ ಕಾಣುವ ಉಪ್ಪಿನಕಾಯಿ ಜಾಡಿ ದ್ರವ ಲೇಪದಲ್ಲಿ ಅದ್ದಿ ತೆಗೆದದ್ದು. ಇದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದ ಭಾರತೀಯ ಕಾರ್ಖಾನೆಗಳ ಮಾಲು. ನೂರಾರು ವರ್ಷದ್ದು ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಹೆಗಲ ಮೇಲೆ ನಾಲ್ಕೋ ಆರೋ ಕಿವಿಗಳಿರುವ, ಕಪ್ಪುಗಂದು ಬಣ್ಣದ, ಮಗುವೊಂದು ಅಡಗಿಕೊಳ್ಳಬಹುದಾದಷ್ಟು ದೊಡ್ಡ ಭರಣಿ ಸಿಕ್ಕಿದರೆ ಮಾತ್ರ ಉಸಿರು ಬಿಗಿಹಿಡಿಯಿರಿ. ಬಾಯಿಗೆ ಬಟ್ಟೆ ಕಟ್ಟಲು ಆ ಕಿವಿಗಳು. ಬರ್ಮಾದ ಮರ್ತಬಾನ್ ಬಂದರಿನ ಹೆಸರು ಹೊತ್ತು ಹಿಂದೂ ಮಹಾಸಾಗರದ ಉದ್ದಕ್ಕೂ ತಿರುಗಿದ ಜಾತಿಯ ಜಾಡಿಗಳು ಇಂಥವು. ಹಲವು ದಕ್ಷಿಣ ಚೀನಾದವು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ತನಗೆ ಬಂದ ಉಡುಗೊರೆಗಳಲ್ಲಿ ಶುಂಠಿ, ಮೆಣಸು, ನಿಂಬೆ, ಮಾವುಗಳನ್ನು ಉಪ್ಪಿನಲ್ಲಿ ಹಾಕಿಟ್ಟ ಮರ್ತಬಾನ್ ಜಾಡಿಗಳಿದ್ದವು ಎಂದು ದಾಖಲಿಸಿದ್ದಾನೆ. ಮಿಡಿ ಉಪ್ಪಿನಕಾಯಿಗೆ ಭರಣಿಯೇ ಆಗಬೇಕು ಎಂಬ ನಮ್ಮ ಅಜ್ಜಿಯರ ಹಟ ಹೊಸದೇನಲ್ಲ.

ಬಟ್ಟಲು ಬಸಿಗಳಾದರೆ ಹಿಂಬದಿಯ ಮುದ್ರೆ ಓದಿ. ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕಿಂತ ಹಳೆಯದಾಗುವುದು ಸಾಧ್ಯವಿಲ್ಲ, ಆ ದೇಶ ಹುಟ್ಟಿದ್ದೇ ಆಗ. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೆಯ ಮಹಾಯುದ್ಧದ ನಂತರ, 1952ರೊಳಗಿನ ಮಾಲು. ‘ಬೆಂಗಾಲ್ ಪಾಟರೀಸ್’, ‘ಗ್ವಾಲಿಯರ್ ಪಾಟರೀಸ್’, ಇಂಗ್ಲೆಂಡಿನ ‘ಜಾನ್ಸನ್ ಬ್ರದರ್ಸ್’ ಇವು ನಮ್ಮ ಹಳೆಯ ಮನೆಗಳಲ್ಲಿ ಆಗಾಗ ಕಾಣುವ ಹೆಸರುಗಳು. ಮನೆಯ ಮಾಡಿನಿಂದ ಇಳಿಸಿದ ಹೆಂಚನ್ನೂ ಮಗುಚಿ ನೋಡಿ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಇಸವಿಯ ಮುದ್ರೆ ಇರುವ ಹೆಂಚುಗಳು ಇಲ್ಲಿ ಇನ್ನೂ ಸಿಗುತ್ತವೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಈ ಗೊಂದಲದಲ್ಲಿ ಹೆಚ್ಚು ಹಣ ಕೊಟ್ಟವರಿದ್ದಾರೆ.

ಕೊನೆಗೆ ನಾದ. ಜಾಡಿಯನ್ನು ಮೆತ್ತಗಿನ ಬಟ್ಟೆಯ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ‘ಠಣ್’ ಎಂದು ಎಳೆದರೆ ಗಟ್ಟಿ, ‘ಟಪ್’ ಎಂದು ಸತ್ತರೆ ಎಲ್ಲೋ ಬಿರುಕಿದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಹಾಯಿಸಿದರೆ ಅಂಟು ಹಾಕಿ ಬಣ್ಣ ಬಳಿದ ಜಾಗ ಎಷ್ಟೋ ಸಲ ಬೇರೆಯಾಗಿ ಹೊಳೆಯುತ್ತದೆ.

ಮೂರನೆಯ ಹೆಜ್ಜೆ: ತೊಳೆಯುವುದು, ಉಪ್ಪು ಬಿಡಿಸುವುದು

ಮೆತ್ತನೆಯ ಬ್ರಷ್, ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ. ಇಷ್ಟೇ. ಬ್ಲೀಚಿಂಗ್ ಪುಡಿ, ಆಸಿಡ್, ಹುಣಸೆಹುಳಿ ಯಾವುದೂ ಬೇಡ. ಗಾಜುಲೇಪವಿಲ್ಲದ ಅಳಗೆಗೆ ಸಾಬೂನೂ ಬೇಡ, ಅದು ಹೀರಿಕೊಂಡ ವಾಸನೆ ಆಮೇಲೆ ಬಿಡುವುದಿಲ್ಲ.

ನಮ್ಮ ಕಡೆಯ ಭರಣಿಗಳ ನಿಜವಾದ ಶತ್ರು ಉಪ್ಪು. ದಶಕಗಟ್ಟಲೆ ಉಪ್ಪುನೀರು ತುಂಬಿದ ಜಾಡಿಯ ಸಣ್ಣ ಬಿರುಕುಗಳ ಮೂಲಕ ಉಪ್ಪು ಗೋಡೆಯೊಳಗೆ ಸೇರಿರುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಹರಳು ಕಟ್ಟಿ ಹಿಗ್ಗುತ್ತದೆ, ಗಾಜುಲೇಪವನ್ನು ಒಳಗಿನಿಂದ ತಳ್ಳಿ ಸಿಪ್ಪೆ ಸಿಪ್ಪೆಯಾಗಿ ಉದುರಿಸುತ್ತದೆ. ಮಳೆಗಾಲದಲ್ಲಿ ಒದ್ದೆಯಾಗಿ ಕರಗುತ್ತದೆ, ಮತ್ತೆ ಒಣಗಿ ಮತ್ತೆ ಹರಳಾಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದು, ಫೆಬ್ರವರಿಯ ಹೊತ್ತಿಗೆ ಗುಡ್ಡವೆಲ್ಲ ಕಾದು ನಿಲ್ಲುವ ಈ ಊರಿನಲ್ಲಿ ಆ ಚಕ್ರ ನಿಲ್ಲುವುದೇ ಇಲ್ಲ. ಹೊರಮೈಯಲ್ಲಿ ಬಿಳಿ ಹುಡಿ ಕಂಡರೆ ಅದೇ ಲಕ್ಷಣ. ಬಟ್ಟೆಯಿಂದ ಒರೆಸಿದರೆ ಒಂದು ತಿಂಗಳಲ್ಲಿ ಮತ್ತೆ ಬರುತ್ತದೆ.

ಮದ್ದು ಸುಲಭ, ತಾಳ್ಮೆ ಬೇಕು. ಜಾಡಿ ಪೂರ್ತಿ ಮುಳುಗುವಂತೆ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಸಿಹಿನೀರು ತುಂಬಿ ಇಡಿ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿದ್ದರೆ ಉತ್ತಮ, ಮಳೆನೀರು ಇನ್ನೂ ಉತ್ತಮ. ದಿನಕ್ಕೊಮ್ಮೆ ನೀರು ಬದಲಿಸಿ. ನೀರು ಶುದ್ಧೀಕರಣ ಯಂತ್ರದವರು ಬಳಸುವ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದು ಇದ್ದರೆ ಊಹೆಗೆ ಕೆಲಸವಿಲ್ಲ: ತಾಜಾ ನೀರಿನ ಅಂಕಿ ಬರೆದಿಟ್ಟುಕೊಳ್ಳಿ, ಒಂದು ದಿನ ನೆನೆದ ಮೇಲಿನ ಅಂಕಿಯೊಂದಿಗೆ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆಗುವವರೆಗೆ ನೆನೆಸುವುದು ಮುಂದುವರಿಯಲಿ. ಆಮೇಲೆ ನೆರಳಿನಲ್ಲಿ, ಬಿಸಿಲಿಗೆ ಇಡದೆ, ನಿಧಾನವಾಗಿ ಆರಿಸಿ. ಅಂಟು ಹಾಕಿದ, ಮೇಲೆ ಬಣ್ಣ ಬಳಿದ ಪಾತ್ರೆಗಳಿಗೆ ಈ ಉಪಚಾರ ಸಲ್ಲದು.

ನಾಲ್ಕನೆಯ ಹೆಜ್ಜೆ: ಮೂರು ಪಾಲು

ನಾದ ಚೆನ್ನಾಗಿದ್ದು, ಒಳಮೈಯಲ್ಲಿ ಬಲೆಬಿರುಕು (ಗಾಜುಲೇಪದಲ್ಲಿ ಬಲೆಯಂತೆ ಹರಡಿದ ನವಿರು ಬಿರುಕು) ಇಲ್ಲದ ಕಲ್ಲುಜಾಡಿ ಅಡುಗೆಮನೆಗೆ. ಮಿಡಿ ಮಾವು ಅದರಲ್ಲೇ ಹಾಕಿ, ಬೇರೆ ಯೋಚನೆ ಬೇಡ. ಬಲೆಬಿರುಕು ಇದ್ದರೆ, ಅಥವಾ ಕಡಿಮೆ ಶಾಖದಲ್ಲಿ ಬೆಂದ ಪಾತ್ರೆಗೆ ಗಾಢ ಬಣ್ಣದ ಹೊಳಪು ಇದ್ದರೆ ಆಹಾರಕ್ಕೆ ಬೇಡ. ಅಂಥ ಲೇಪಗಳಲ್ಲಿ ಸೀಸ ಇರುವುದುಂಟು, ಉಪ್ಪಿನಕಾಯಿ ಮಜ್ಜಿಗೆಗಳ ಹುಳಿ ಅದನ್ನು ಕರಗಿಸಿ ಹೊರಗೆಳೆಯುತ್ತದೆ. ನಮ್ಮ ಹೊಟ್ಟೆಗೆ ಬೇಡವಾದದ್ದು ಹಕ್ಕಿಯ ಹೊಟ್ಟೆಗೂ ಬೇಡ, ಆದ್ದರಿಂದ ಬಣ್ಣದ ಪಾತ್ರೆ ನೀರಿಡುವುದಕ್ಕೂ ಆಗದು. ಚಾವಡಿಯಲ್ಲಿ ಊರುಗೋಲು ಕೊಡೆ ನಿಲ್ಲಿಸಲು ಅದು ಲಾಯಕ್ಕು. ಚೀನಾ ಭರಣಿಯಂಥ ಅಪರೂಪದ್ದನ್ನು ಗೋಡೆಯ ಮೂಲೆಯಲ್ಲಿ, ನೆಲದಿಂದ ಒಂದಡಿ ಎತ್ತರದ ಅಗಲವಾದ ಹಲಗೆಯ ಮೇಲೆ ಇಡಿ. ಎತ್ತರ ಬೇಕಾದದ್ದು ಚೆಂದಕ್ಕಲ್ಲ, ಕೆಳಗೆ ಗುಡಿಸಲು ಬರಬೇಕು, ಚೇಳು ಹಾವು ಸೇರಿದರೆ ಕಾಣಬೇಕು.

ಉಳಿದ ಪಾಲು, ಒಡಕು ಮಣ್ಣಿನದು, ಹಿತ್ತಲಿಗೆ.

ಐದನೆಯ ಹೆಜ್ಜೆ: ಹಕ್ಕಿಗೆ ನೀರು

ಒಡೆದ ಅಳಗೆಯ ಬುಡ ಅಥವಾ ಮಣ್ಣಿನ ಮುಚ್ಚಳ ಇದಕ್ಕೆ ತಕ್ಕದ್ದು. ಗಾಜುಲೇಪದ ತಟ್ಟೆ ಜಾರುತ್ತದೆ, ಹಕ್ಕಿ ಕಾಲೂರುವುದಿಲ್ಲ. ಮಣ್ಣಿನದ್ದು ನೀರನ್ನು ಸ್ವಲ್ಪ ಸ್ವಲ್ಪ ಹೊರಗೆ ಆವಿಯಾಗಿಸಿ ತಣ್ಣಗಿಡುತ್ತದೆ. ನೀರಿನ ಆಳ ಎರಡರಿಂದ ಐದು ಸೆಂಟಿಮೀಟರ್ ಸಾಕು, ಮಧ್ಯೆ ಒಂದು ಮುರಕಲ್ಲಿನ ಚೂರು. ಸೊಂಟದ ಎತ್ತರದಲ್ಲಿ, ಪೊದೆಯಿಂದ ಎರಡು ಮೂರು ಮೀಟರ್ ದೂರದಲ್ಲಿ ಇಡಿ: ಹಕ್ಕಿಗೆ ಓಡಿ ಅಡಗಲು ಹತ್ತಿರ, ಬೆಕ್ಕಿಗೆ ಹಾರಿ ಹಿಡಿಯಲು ದೂರ. ವಾರಕ್ಕೆ ಎರಡು ಸಲ ತೆಂಗಿನ ನಾರಿನಿಂದ ಉಜ್ಜಿ ಹೊಸ ನೀರು ತುಂಬಿಸಬೇಕು.

ಪಿಕಳಾರ ಮೊದಲು ಬರುತ್ತದೆ. ಹರಟೆಮಲ್ಲಗಳ ಗುಂಪು ಬಂದರೆ ಮಿಕ್ಕವರಿಗೆ ಜಾಗವಿಲ್ಲ. ಮಡಿವಾಳ ಹಕ್ಕಿ ಮಾತ್ರ ಒಂಟಿ, ಸಂಜೆಗತ್ತಲಾಗುವ ಹೊತ್ತಿಗೆ ಬಾಲ ನಿಗುರಿಸಿ ಬಂದು ಸ್ನಾನ ಮುಗಿಸಿ ಹೋಗುತ್ತದೆ.

ಅನ್ನ ಚೆಲ್ಲಬೇಡಿ. ಅದು ಕಾಗೆ ಇಲಿಗಳ ಪಾಲು, ಇಲಿಯ ಹಿಂದೆ ಹಾವು. ಬದಲಿಗೆ ಗಿಡ ನೆಡಿ. ಕೇಪಳದ ಹೂವಿಗೆ ಸೂರಕ್ಕಿ, ಹಣ್ಣಿಗೆ ಪಿಕಳಾರ. ಈಶ್ವರ ಬಳ್ಳಿ ಹಬ್ಬಿಸಿದರೆ ಕರ್ನಾಟಕದ ರಾಜ್ಯ ಚಿಟ್ಟೆಯ ಮರಿಹುಳಕ್ಕೆ ಊಟ, ಜುಮ್ಮನಕಾಯಿ ಮರ ಉಳಿಸಿಕೊಂಡರೆ ಕೇರಳದ ರಾಜ್ಯ ಚಿಟ್ಟೆಯ ಮರಿಹುಳಕ್ಕೆ. ಭಾಷಾವಾರು ಗಡಿ ಎಳೆದ 1956ರ ನವೆಂಬರ್ 1 ಅವುಗಳ ಗಮನಕ್ಕೆ ಬಂದಂತಿಲ್ಲ.

ಆರನೆಯ ಹೆಜ್ಜೆ: ಗೂಡಿಗೆ ಅಳಗೆ

ಮಡಿವಾಳ ಹಕ್ಕಿ ಗೋಡೆಯ ಪೊಟರೆಯಲ್ಲಿ ಗೂಡು ಮಾಡುವ ಜಾತಿ. ಐದಾರು ಸೆಂಟಿಮೀಟರ್ ಅಗಲದ ತೂತಿರುವ ಸಣ್ಣ ಅಳಗೆಯನ್ನು ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿ, ಮಾಡಿನ ನೆರಳಿನಲ್ಲಿ, ಅಡ್ಡ ಮಲಗಿಸಿ ಕಟ್ಟಿ. ಬುಡದಲ್ಲಿ ನೀರು ಬಸಿಯಲು ಪೆನ್ಸಿಲ್ ಗಾತ್ರದ ತೂತು ಇರಲಿ. ಮಣ್ಣು ಬಿಸಿಲಿಗೆ ಕಾಯುವುದರಿಂದ ಪಶ್ಚಿಮ ಗೋಡೆ ಬೇಡ. ಫೆಬ್ರವರಿಯಲ್ಲಿ ಕಟ್ಟಿದರೆ ಮಾರ್ಚ್‌ನ ಗೂಡಿನ ಕಾಲಕ್ಕೆ ಸರಿಹೋಗುತ್ತದೆ. ಮೊಟ್ಟೆ ಇಟ್ಟ ಮೇಲೆ ಮೊಬೈಲ್ ಹಿಡಿದು ಒಳಗೆ ಇಣುಕುವ ಚಾಳಿ ಬಿಡಿ.

ಕುಟುಕದ ಸಣ್ಣ ಜೇನಾದ ಮುಜಂಟಿಗೆ ಹೊಸ ಅಳಗೆಯೇ ಬೇಕು, ಉಪ್ಪು ಎಣ್ಣೆ ತಾಗದ್ದು. ಎರಡು ಸಣ್ಣ ಅಳಗೆಗಳ ಬಾಯಿಗೆ ಬಾಯಿ ಕೂಡಿಸಿ, ಸಂದಿಗೆ ಜೇಡಿ ಮೆತ್ತಿ, ಒಂದರಲ್ಲಿ ಹೆಬ್ಬೆರಳಿಗಿಂತ ಸಣ್ಣ ತೂತು ಬಿಡಿ. ಮುರಕಲ್ಲಿನ ಗೋಡೆಯಲ್ಲಿ ಈಗಾಗಲೇ ಗೂಡಿದ್ದರೆ ಅದರ ಬಾಯಿಯಿಂದ ಒಂದು ಕೊಳವೆಯನ್ನು ಅಳಗೆಯ ಹಿಂಬದಿಗೆ ಜೋಡಿಸಿ ಸುತ್ತ ಮುಚ್ಚಬೇಕು. ಹಳೆಯ ಬಾಗಿಲಿನ ಅಂಟುಮೇಣವನ್ನು ಕೆತ್ತಿ ಹೊಸ ಬಾಗಿಲಿಗೆ ಮೆತ್ತಿದರೆ ಜೇನ್ನೊಣಗಳು ಗೊಂದಲವಿಲ್ಲದೆ ಅಳಗೆಯೊಳಗಿಂದ ಓಡಾಡತೊಡಗುತ್ತವೆ. ಒಳಗೆ ಮೊಟ್ಟೆ, ಮರಿ, ಆಹಾರದ ಗಡಿಗೆಗಳು ತುಂಬುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಜೇನು ಸಿಗುವುದು ಅಂಗೈಯಷ್ಟು. ಲೀಟರು ಲೆಕ್ಕದಲ್ಲಿ ಬೇಕಾದವರು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಸಾಕಲಿ.

ಇನ್ನೊಬ್ಬ ಅತಿಥಿಯನ್ನು ಕರೆಯಬೇಕಿಲ್ಲ. ಜಗಲಿಯಲ್ಲಿ ಕುಳಿತು ಭರಣಿಯ ಹೆಗಲನ್ನು, ಕಿಟಕಿಯ ಸರಳನ್ನು ನೋಡುತ್ತಿರಿ. ತೆಳ್ಳನೆಯ ಸೊಂಟದ ಕುಂಬಾರ ಕಣಜ ಬಾಯಲ್ಲಿ ಒದ್ದೆ ಮಣ್ಣಿನ ಉಂಡೆ ಹಿಡಿದು ಬರುತ್ತದೆ. ಪಟ್ಟಿಯ ಮೇಲೆ ಪಟ್ಟಿ ಒತ್ತಿ, ದವಡೆ, ಮುಂಗಾಲುಗಳಿಂದ ತಿದ್ದುತ್ತ, ಗೋಲಿಗಾತ್ರದ ಗಡಿಗೆ ಕಟ್ಟುತ್ತದೆ. ಕೊನೆಗೆ ಕಂಠ ಎಳೆದು ಬಾಯಿಯನ್ನು ಹೊರಕ್ಕೆ ಮಡಿಸುತ್ತದೆ, ಎರಿಕುಳಂನ ಕುಂಬಾರರು ಮೆಚ್ಚುವ ಹಾಗೆ. ಒಳಗೆ ಒಂದು ಎಳೆಯಿಂದ ಮೊಟ್ಟೆ ತೂಗುಬಿಟ್ಟು, ಕುಟುಕಿ ಮರಗಟ್ಟಿಸಿದ ಹಸಿರು ಹುಳಗಳನ್ನು ತುರುಕಿ, ಬಾಯಿ ಮುಚ್ಚಿ ಹೊರಟುಬಿಡುತ್ತದೆ. ಗುಂಪಿನ ಕಡಜದಂತೆ ಇದು ಮೈಮೇಲೆ ಬೀಳುವುದಿಲ್ಲ. ಗಡಿಗೆಯ ಪಕ್ಕದಲ್ಲಿ ದುಂಡನೆಯ ತೂತು ಕಂಡರೆ ಮರಿ ಹೊರಟಿದೆ ಎಂದರ್ಥ, ಆಮೇಲೆ ಬೇಕಾದರೆ ಕೆತ್ತಿ ತೆಗೆಯಿರಿ. ತೂತು ಇಲ್ಲದ ಗಡಿಗೆಯನ್ನು ಒರೆಸುವ ಬಟ್ಟೆಯಿಂದ ಕಾಪಾಡುವುದು ಮನೆಯ ಯಜಮಾನಿಯೊಂದಿಗೆ ನಡೆಸಬೇಕಾದ ಮಾತುಕತೆ.

ಏಳನೆಯ ಹೆಜ್ಜೆ: ಕಪ್ಪೆಯ ಭರಣಿ, ಸೊಳ್ಳೆಯ ಲೆಕ್ಕ

ಬಾಯಿ ಒಡೆದ ದೊಡ್ಡ ಭರಣಿಯನ್ನು ಬಚ್ಚಲಿನ ಹಿಂದೆ, ಕೆಸುವಿನ ನೆರಳಿನಲ್ಲಿ, ಅರ್ಧ ಹೂತು ನಿಲ್ಲಿಸಿ. ಮುಕ್ಕಾಲು ನೀರು, ಹೊರಗೆ ಚಾಚುವಂತೆ ಒಂದು ಒರಟು ಕೋಲು. ಕೋಲು ಇಲ್ಲದಿದ್ದರೆ ಅಳಿಲು, ಓತಿ ಬಿದ್ದು ಸಾಯುತ್ತವೆ. ಜೂನ್‌ನ ಮೊದಲ ಜಡಿಮಳೆಗೆ ಮರಗಪ್ಪೆ ಬಂದು ನೀರಿನ ಮೇಲಿನ ಗೋಡೆಗೆ ಬಿಳಿ ನೊರೆಯ ಗೂಡು ಅಂಟಿಸುತ್ತದೆ. ಹೊರಪದರ ಕಂದಾಗಿ ಒಣಗಿದರೂ ಒಳಗೆ ತೇವ ಇರುತ್ತದೆ, ಮುಟ್ಟಬೇಡಿ. ಒಂದು ವಾರದೊಳಗೆ ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ.

ಆದರೆ ಅದೇ ವಾರ ಆಶಾ ಕಾರ್ಯಕರ್ತೆಯೂ ಬರುತ್ತಾರೆ, ನಿಂತ ನೀರು ಎಲ್ಲಿದೆ ಎಂದು ಕೇಳುತ್ತಾರೆ. ಕೇಳಬೇಕಾದದ್ದೇ, ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಒಂದೂವರೆ ವಾರವನ್ನೂ ತೆಗೆದುಕೊಳ್ಳುವುದಿಲ್ಲ. ಕಪ್ಪೆ ಇಲ್ಲದ ಭರಣಿಗೆ ತೋಡಿನಿಂದ ತಲೆಯ ಮೇಲೆ ಬಿಳಿ ಚುಕ್ಕೆಯಿರುವ ಸಣ್ಣ ಮೀನು ತಂದು ಬಿಡಿ, ಮಲಯಾಳದವರು ಮಾನತ್ತುಕಣ್ಣಿ ಎನ್ನುವುದು. ಸೊಳ್ಳೆಮರಿ ಅದಕ್ಕೆ ಪಂಚಭಕ್ಷ್ಯ. ಕಪ್ಪೆಯ ಭರಣಿಗೆ ಮೀನು ಬಿಟ್ಟರೆ ಗೊದಮೊಟ್ಟೆಯೂ ಮುಗಿಯುತ್ತದೆ. ಅಲ್ಲಿ ಮೂರು ದಿನಕ್ಕೊಮ್ಮೆ ಚಹಾ ಸೋಸುವ ಜಾಲರಿಯಿಂದ ಸೊಳ್ಳೆಮರಿಗಳನ್ನು ಎತ್ತಿ ಒಣನೆಲಕ್ಕೆ ಕೊಡವಿ. ಇಷ್ಟಕ್ಕೆ ಪುರುಸೊತ್ತಿಲ್ಲದವರು ಕಪ್ಪೆಯ ಭರಣಿ ಇಡದಿರುವುದೇ ವಾಸಿ.

ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಿನ ತೋಟದಂಚಿನ ನೀರಿನ ತಟ್ಟೆಗಳನ್ನು ಮಗುಚಿ ಹಾಕಿ, ಕಪ್ಪೆಯ ಭರಣಿಗೆ ಅಡಿಕೆ ಹಾಳೆ ಮುಚ್ಚಿ. ಮೈಲುತುತ್ತಿನ ತಾಮ್ರ ನೀರಿಗೆ ಬಿದ್ದರೆ ಗೊದಮೊಟ್ಟೆ ಉಳಿಯುವುದಿಲ್ಲ. ಕೀಟನಾಶಕದ ವಿಷಯ ಹೇಳಬೇಕಾಗಿಯೇ ಇಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ನಲುಗಿದ ಎಣ್ಮಕಜೆಯ ಪಡ್ರೆ ಇರುವ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸುವ ಹೊತ್ತಿಗೆ ಇಲ್ಲಿನವರು ತೆರಬೇಕಾದ್ದನ್ನೆಲ್ಲ ತೆತ್ತಾಗಿತ್ತು.

ಎಂಟನೆಯ ಹೆಜ್ಜೆ: ದೂರ ಇಡಬೇಕಾದವರು

ಖಾಲಿ ಭರಣಿಗಳನ್ನು ಹೊರಗೆ ರಾಶಿ ಹಾಕಬೇಡಿ, ನಾಗರಹಾವಿಗೆ ಅದಕ್ಕಿಂತ ಒಳ್ಳೆಯ ಮನೆ ಸಿಗದು. ಒಳಗೆ ಹಾವು ಕಂಡರೆ ಭರಣಿ ಅಲುಗಾಡಿಸದೆ ದೂರ ನಿಂತು, ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತರಬೇತಾದ ಹಾವು ಹಿಡಿಯುವವರನ್ನು ಕರೆಯಿಸಿ. ಬಾವಲಿ ಕಚ್ಚಿ ಬಿಟ್ಟ ಹಣ್ಣನ್ನು ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಳ್ಳಿ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಬಾವಲಿಯಿಂದ ಹರಡುವ ನಿಪಾ ಸೋಂಕು ಕಾಣಿಸಿಕೊಂಡ ಮೇಲೆ ಇದಕ್ಕೆ ವಿವರಣೆ ಬೇಡ. ಗಿಳಿ, ರಾಟವಾಳ, ಉಡ, ಆಮೆ ಇವನ್ನು ಹಿಡಿದು ಸಾಕುವುದು ವನ್ಯಜೀವಿ ಕಾಯಿದೆಯಡಿ ಅಪರಾಧ. ಆ ಕಾಯಿದೆಯೂ 1972ರದ್ದೇ.

ಒಂಬತ್ತನೆಯ ಹೆಜ್ಜೆ: ಕುಳಿತು ನೋಡುವುದು

ಕುರ್ಚಿಯನ್ನು ಜಗಲಿಯಲ್ಲಿ ಅಡಿಕೆ ಮರಗಳ ಕಡೆ ತಿರುಗಿಸಿ ಹಾಕಿ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಬಿಸಿಲು ಕಾಂಡಕ್ಕೆ ಬೀಳುವಾಗ ಹಾರುವ ಓತಿ ಹೊರಬರುತ್ತದೆ. ತೊಗಟೆಗೆ ಅಂಟಿ ಕುಳಿತಾಗ ಕಣ್ಣಿಗೆ ಸಿಗುವುದಿಲ್ಲ; ಗಂಡು ಗಂಟಲಿನ ಹಳದಿ ಪಟ್ಟಿಯನ್ನು ಚಾಚಿದಾಗ ಗೊತ್ತಾಗುತ್ತದೆ. ಒಂದು ಮರದ ಮೇಲಿನಿಂದ ಜಿಗಿದು, ಪಕ್ಕೆಲುಬಿನ ರೆಕ್ಕೆ ಬಿಚ್ಚಿ, ಇನ್ನೊಂದರ ನಡುವಿಗೆ ತೇಲಿ ತಗಲಿಕೊಳ್ಳುತ್ತದೆ. ಕಾಫಿಗೆ ಜಾನ್ಸನ್ ಬ್ರದರ್ಸ್ ಬಟ್ಟಲನ್ನೇ ತೆಗೆಯಿರಿ. ಅಂಚು ಹಾರಿದ್ದರೆ, ಒಳಗೆ ಬಲೆಬಿರುಕು ಇದ್ದರೆ ಮಾತ್ರ ಬೇಡ.

ಒಂದು ನೋಟುಪುಸ್ತಕದಲ್ಲಿ ಎಡ ಪುಟ ಪಾತ್ರೆಗಳಿಗೆ, ಬಲ ಪುಟ ಜೀವಿಗಳಿಗೆ. ಯಾವ ಭರಣಿ ಯಾರ ಮನೆಯದು, ಎಷ್ಟು ಕೊಟ್ಟದ್ದು, ಎಲ್ಲಿ ಬಿರುಕು. ಯಾವ ದಿನ ಯಾವ ಹಕ್ಕಿ. ಪಾತ್ರೆಯ ಬುಡಕ್ಕೆ ಅಂಟುಚೀಟಿ ಬೇಡ, ಗಾಜುಲೇಪವಿಲ್ಲದ ಜಾಗದಲ್ಲಿ ಪೆನ್ಸಿಲ್‌ನಿಂದ ಸಂಖ್ಯೆ ಬರೆದರೆ ಸಾಕು.

ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ, ಹೊರಗಿನ ಪಾತ್ರೆಗಳನ್ನೆಲ್ಲ ಒಮ್ಮೆ ತೊಳೆದು ಪಾಚಿ ತೆಗೆಯಿರಿ. ತಟ್ಟೆಯೊಂದನ್ನು ಮಾತ್ರ ಮಾವಿನ ಮರದ ಬುಡದಲ್ಲಿ ನೆಲಕ್ಕೇ ಇಟ್ಟು ಸುತ್ತಲಿನ ತರಗೆಲೆ ಹಾಗೆಯೇ ಬಿಡಿ. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬರುವ ನವರಂಗ ನೆಲದಲ್ಲೇ ಎಲೆ ಮಗುಚಿ ಹುಳ ಹುಡುಕುವ ಹಕ್ಕಿ. ಗುಡಿಸಿದ ಅಂಗಳಕ್ಕೆ ಅದು ಇಳಿಯುವುದಿಲ್ಲ.